ಸ್ಟಾಕ್ ಗಾಡಿಗೆ ಪರ್ಫಾರ್ಮೆನ್ಸ್ ಕಾಯಿಲ್ ಬೇಕಾ?

ಇರಿಡಿಯಂ ಪ್ಲಗ್, ಹೈ ಔಟ್‌ಪುಟ್ ಕಾಯಿಲ್, ದಪ್ಪ ಸಿಲಿಕಾನ್ ವೈರ್, ರೇಸಿಂಗ್ ಸಿಡಿಐ (ಕಿಡಿ ಹಾರುವ ಹೊತ್ತು ನಿರ್ಧರಿಸುವ ಪೆಟ್ಟಿಗೆ). ಎಲ್ಲವೂ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಇಗ್ನಿಷನ್ ಸಾಮಾನು. ಸಂಬಳ ಬಂದ ವಾರ ಹುಡುಗರು ಇವನ್ನೆಲ್ಲ ಹಾಕಿಸೋಕೆ ಓಡುವುದನ್ನು ನೋಡಿದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ. ಗಾಡಿ ಅವರದು, ದುಡ್ಡೂ ಅವರದೇ. ಆದರೂ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಇಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ, ಇಗ್ನಿಷನ್ ಮೊದಲೇ ಎಲೆಕ್ಟ್ರಾನಿಕ್, ಅದು ಸರಿಯಾಗಿ ಕೆಲಸವನ್ನೂ ಮಾಡುತ್ತಿದೆ ಅಂದರೆ ಇವುಗಳಿಂದ ಪವರ್ ಬರುವುದಿಲ್ಲ. ಪಾಯಿಂಟ್ (ಕಿಡಿಗಾಗಿ ಕಾಯಿಲ್ಲಿನ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಇರುವ ಹಳೆ ಗಾಡಿಗಳ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಯಿಲ್, ಅಂದರೆ ಕಡಿಮೆ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಭಾಗ. ಡಬ್ಬದ ಮೇಲೆ ದೊಡ್ಡದಾಗಿ 40,000 ವೋಲ್ಟ್ ಅಂತ ಬರೆದಿರುತ್ತಾರೆ. ಪ್ರತಿ ಸಲವೂ ಅಷ್ಟು ವೋಲ್ಟ್ ಪ್ಲಗ್ಗಿಗೆ ಬರುತ್ತದೆ ಅಂತ ನಂಬಿ ಜನ ಕೊಳ್ಳುತ್ತಾರೆ. ಹಾಗೆ ಆಗುವುದೇ ಇಲ್ಲ. ಕಾಯಿಲ್‌ನಲ್ಲಿ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಪ್ಲಗ್ಗಿನ ಗ್ಯಾಪ್ ದಾಟುವಷ್ಟು ಆದ ಕೂಡಲೇ ಕಿಡಿ ಹಾರುತ್ತದೆ, ಏರುವುದು ಅಲ್ಲಿಗೆ ನಿಲ್ಲುತ್ತದೆ. ಗ್ಯಾಪ್ 0.7 ಅಥವಾ 0.8 ಮಿಲಿಮೀಟರ್ ಇರುವ ಮಾಮೂಲಿ ಬೈಕಿನಲ್ಲಿ ಸುಮಾರು 10ರಿಂದ 15 ಸಾವಿರ ವೋಲ್ಟಿನೊಳಗೇ ಈ ಕೆಲಸ ಮುಗಿದಿರುತ್ತದೆ. ಉಳಿದ ಸಾಮರ್ಥ್ಯಕ್ಕೆ ಅಲ್ಲಿ ಕೆಲಸವೇ ಇಲ್ಲ.

ಕಿಡಿ ಜೋರಾದರೆ ಪೆಟ್ರೋಲ್ ಜೋರಾಗಿ ಉರಿಯುತ್ತದೆ ಅನ್ನುವ ಮಾತೂ ಇದೆ. ಪವರ್ ಬರುವುದು ಸಿಲಿಂಡರ್ ಒಳಗೆ ಹೋದ ಗಾಳಿ ಮತ್ತು ಪೆಟ್ರೋಲಿನಿಂದ. ಕಿಡಿ ಅದನ್ನು ಹೊತ್ತಿಸುತ್ತದೆ, ಅಷ್ಟೇ. ಗ್ಯಾಸ್ ಒಲೆಗೆ ದೊಡ್ಡ ಲೈಟರ್ ಹಿಡಿದರೆ ಅನ್ನ ಬೇಗ ಬೇಯಲ್ಲ, ಅಲ್ವಾ? ಟರ್ಬೊ ಕೂರಿಸಿದ ಅಥವಾ ಕಂಪ್ರೆಷನ್ ಏರಿಸಿದ ಇಂಜಿನ್ ಆದರೆ ಮಾತು ಬೇರೆ. ಅಲ್ಲಿ ಒಳಗಿನ ಒತ್ತಡ ಜಾಸ್ತಿ, ಗ್ಯಾಪ್ ದಾಟೋಕೆ ವೋಲ್ಟೇಜೂ ಜಾಸ್ತಿ ಬೇಕು. ಸ್ಟಾಕ್ ಕಾಯಿಲ್ ಸಾಲದೆ ಮಿಸ್ಸಿಂಗ್ ಹೊಡೆಯುತ್ತದೆ. ಈ ಸಾಮಾನು ತಯಾರಾಗಿದ್ದು ಅಂಥ ಗಾಡಿಗಳಿಗೆ.

'ಆದರೆ ಹಾಕಿಸಿದ ಮೇಲೆ ಪಿಕಪ್ ಬಂತಲ್ಲ, ನಾನೇ ಓಡಿಸಿ ನೋಡಿದೆ' ಅನ್ನುವವರು ತುಂಬಾ ಜನ. ಅವರು ಸುಳ್ಳು ಹೇಳುತ್ತಿಲ್ಲ. ಪಿಕಪ್ ಬಂದಿರುತ್ತದೆ. ಯಾಕೆ ಬಂತು ಅನ್ನುವುದೇ ಪ್ರಶ್ನೆ. ಹಳೆ ಪ್ಲಗ್ಗಿನ ತುದಿ ಸವೆದು ದುಂಡಗಾಗಿ ಗ್ಯಾಪ್ ದೊಡ್ಡದಾಗಿತ್ತು. ಅದನ್ನು ತೆಗೆದು ಹೊಸದು ಹಾಕಿದಾಗ ಗಾಡಿ ತನ್ನ ಮೊದಲಿನ ಪವರಿಗೆ ವಾಪಸ್ ಬಂತು. ನೂರಿನ್ನೂರು ರೂಪಾಯಿಯ ಮಾಮೂಲಿ ಪ್ಲಗ್ ಹಾಕಿದ್ದರೂ ಅಷ್ಟೇ ಬರುತ್ತಿತ್ತು. ಹೊಸ ಮಾಮೂಲಿ ಪ್ಲಗ್ ಹಾಕಿ ಒಂದು ವಾರ ಓಡಿಸಿ, ಆಮೇಲೆ ದುಬಾರಿ ಪ್ಲಗ್ ಹಾಕಿ ನೋಡಿ. ಹೋಲಿಕೆ ಅಂದರೆ ಅದು.

ನನ್ನ ಗೆಳೆಯನ 150 ಸಿಸಿ ಬೈಕ್ ಮಳೆಗಾಲದಲ್ಲಿ ಮಿಸ್ಸಿಂಗ್ ಹೊಡೆಯುತ್ತಿತ್ತು. ಅಂಗಡಿಯವರು ಕಾಯಿಲ್ಲೇ ವೀಕ್ ಅಂದರು. ಸೀಟು ಟ್ಯಾಂಕು ಬಿಚ್ಚಿ ದುಬಾರಿ ಕಾಯಿಲ್, ಪ್ಲಗ್ ಎರಡನ್ನೂ ಹಾಕಿ ಕಳಿಸಿದರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ. ರಾತ್ರಿ ಲೈಟ್ ಆರಿಸಿ, ಗಾಡಿ ಸ್ಟಾರ್ಟ್ ಮಾಡಿ, ಪ್ಲಗ್ ಕ್ಯಾಪಿನ ಹತ್ತಿರ ಬಗ್ಗಿ ನೋಡಿದೆವು. ಕ್ಯಾಪಿನ ಬುಡದಿಂದ ಇಂಜಿನ್ ಹೆಡ್ಡಿಗೆ ಕೂದಲೆಳೆಯಂಥ ನೀಲಿ ಗೆರೆ ಚಿಟಿಚಿಟಿ ಅನ್ನುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕರೆಂಟ್ ಹೊರಗಡೆಯಿಂದಲೇ ಲೀಕ್ ಆಗುತ್ತಿತ್ತು. ಕ್ಯಾಪ್ ತಿರುಗಿಸಿ ತೆಗೆದರೆ ವೈರಿನ ತುದಿಯ ತಾಮ್ರಕ್ಕೆ ಹಸಿರು ಕಿಲುಬು. ಅರ್ಧ ಇಂಚು ಕತ್ತರಿಸಿ, ಒಳ್ಳೆ ತಾಮ್ರ ಬಂದ ಮೇಲೆ ಹೊಸ ಕ್ಯಾಪ್ ತಿರುಗಿಸಿ ಕೂರಿಸಿದೆವು. ಗಾಡಿ ಸರಿಹೋಯಿತು. ಕಾಯಿಲ್‌ಗೆ ಏನೂ ಆಗಿರಲಿಲ್ಲ. ಕಷ್ಟಪಟ್ಟು ದುಡಿದ ದುಡ್ಡು ಹೀಗೆ ಹೋಗುತ್ತದಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಇರಿಡಿಯಂ ಪ್ಲಗ್ಗನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದರ ನಡುವಿನ ತುದಿ ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ. ಮಾಮೂಲಿ ಪ್ಲಗ್ಗಿನದು ಹೆಚ್ಚುಕಡಿಮೆ ಎರಡೂವರೆ. ತುದಿ ಸಣ್ಣಗಿದ್ದಷ್ಟೂ ಕಿಡಿ ಸುಲಭವಾಗಿ ಹಾರುತ್ತದೆ, ಲೋಹವೂ ಗಟ್ಟಿ, ಬೇಗ ಸವೆಯುವುದಿಲ್ಲ. ಬಾಳಿಕೆಗಾಗಿ ಹಾಕಿಸಿಕೊಳ್ಳಿ, ಪವರಿಗಾಗಿ ಬೇಡ. ಕಂಪನಿಯೇ ಇರಿಡಿಯಂ ಕೊಟ್ಟಿದ್ದರೆ ಬದಲಿಸುವಾಗಲೂ ಅದನ್ನೇ ಹಾಕಿಸಿ. ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಳತೆ, ಬೇಗ ಬಿಟ್ಟರೆ ಕೋಲ್ಡ್, ನಿಧಾನವಾದರೆ ಹಾಟ್) ಮಾತ್ರ ಕಂಪನಿ ಹೇಳಿದ್ದೇ ಇರಲಿ. ಇಲ್ಲಿ ಒಂದು ತೊಡಕಿದೆ. ಎನ್‌ಜಿಕೆ ಪ್ಲಗ್ಗಿನಲ್ಲಿ ನಂಬರ್ ಜಾಸ್ತಿ ಆದಷ್ಟೂ ಪ್ಲಗ್ ಕೋಲ್ಡ್, ಬಾಶ್‌ನಲ್ಲಿ ನಂಬರ್ ಜಾಸ್ತಿ ಆದಷ್ಟೂ ಹಾಟ್. ನಂಬರ್ ನೋಡಿ ಅಂದಾಜಿನ ಮೇಲೆ ಹಾಕಿದರೆ ಎಷ್ಟು ದುಬಾರಿ ಪ್ಲಗ್ ಆದರೂ ತೊಂದರೆಯೇ. ಮೂರು ನಾಲ್ಕು ಕಾಲಿನ (ನಡುವಿನ ತುದಿಯ ಸುತ್ತ ಇರುವ ಪಕ್ಕದ ತುದಿಗಳ) ಪ್ಲಗ್ಗಿನಲ್ಲೂ ಒಂದು ಸಲಕ್ಕೆ ಕಿಡಿ ಹಾರುವುದು ಒಂದೇ ಕಾಲಿಗೆ.

ರೇಸಿಂಗ್ ಸಿಡಿಐ ಬಗ್ಗೆ ಮಾತ್ರ ನನ್ನದು ಖಡಾಖಂಡಿತ ಮಾತು, ಸ್ಟಾಕ್ ಇಂಜಿನ್‌ಗೆ ಬೇಡವೇ ಬೇಡ. ಅದು ಮಾಡುವುದು ಎರಡು ಕೆಲಸ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತನ್ನು ಇನ್ನೂ ಬೇಗ ಮಾಡುತ್ತದೆ, ಇಂಜಿನ್ ಸುತ್ತುವ ವೇಗಕ್ಕಿರುವ ಮಿತಿ, ಅಂದರೆ ರೆವ್ ಲಿಮಿಟ್ ತೆಗೆಯುತ್ತದೆ. ಕಿಡಿ ಅತಿ ಬೇಗ ಹಾರಿದರೆ ಇಂಜಿನ್ ಒಳಗೆ ಟಕಟಕ ಬಡಿಯುತ್ತದೆ, ಅಂದರೆ ನಾಕ್ ಹೊಡೆಯುತ್ತದೆ. ಟೂ ಸ್ಟ್ರೋಕ್ ಆದರೆ ಪಿಸ್ಟನ್ ತೂತು ಬೀಳುವವರೆಗೂ ಹೋಗಬಹುದು. ಫೋರ್ ಸ್ಟ್ರೋಕಿನಲ್ಲಿ ಆ ರೆವ್ ಲಿಮಿಟ್ ಇಟ್ಟಿರುವುದು ವಾಲ್ವ್ ಸ್ಪ್ರಿಂಗ್ ಎಷ್ಟು ತಡೆಯುತ್ತದೆ ಅಂತ ನೋಡಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಟೈಮಿಂಗನ್ನು ಗಾಡಿಯ ಕಂಪ್ಯೂಟರ್ ಆದ ಇಸಿಯುನೇ ನೋಡಿಕೊಳ್ಳುತ್ತದೆ. ಅಲ್ಲಿ ಕೈ ಹಾಕಿದರೆ ವಾರಂಟಿಯೂ ಹೋಗಬಹುದು.

ಈಗ ಪಾಯಿಂಟ್ ಗಾಡಿಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ಹುಟ್ಟಿದ ಯೆಜ್ಡಿಗಳು ನಮ್ಮ ಬೀದಿಗಳಲ್ಲಿ ಇನ್ನೂ ಓಡುತ್ತಿವೆ. ಹಳೆ ಬುಲೆಟ್, ಅಂಬಾಸಿಡರ್, ಪದ್ಮಿನಿ ಕೂಡ ಇದೇ ಸಾಲಿಗೆ ಸೇರುತ್ತವೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ನೂರು ವರ್ಷಕ್ಕೂ ಹಿಂದೆ ರೂಢಿಗೆ ತಂದ ಬ್ಯಾಟರಿ, ಪಾಯಿಂಟ್, ಕಾಯಿಲ್ ವ್ಯವಸ್ಥೆಯೇ ಹೆಚ್ಚುಕಡಿಮೆ ಹಾಗೇ ಇವುಗಳಲ್ಲಿದೆ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಆಸುಪಾಸು. ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಆ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಗಾಡಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಸೋಲುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟರಂತೂ ಪಾಯಿಂಟ್ ಸುಟ್ಟು ಗುಳಿ ಬೀಳುತ್ತದೆ. ಗ್ಯಾಪ್ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ಹಿಡಿದು ಪಾಯಿಂಟ್ ಸೆಟ್ ಮಾಡುವ ಹಳೆ ಮೇಸ್ತ್ರಿಗಳೂ ಕಡಿಮೆಯಾಗುತ್ತಿದ್ದಾರೆ. ಇಂಥ ಗಾಡಿಗೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿಸುವುದು ದುಡ್ಡಿಗೆ ತಕ್ಕ ಕೆಲಸ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಪವರ್ ಇಲ್ಲೂ ಹೊಸದಾಗಿ ಹುಟ್ಟುವುದಿಲ್ಲ. ಇಟ್ಟ ಟೈಮಿಂಗ್ ಇಟ್ಟಲ್ಲೇ ಇರುತ್ತದೆ, ಬೆಳಗ್ಗೆ ಸುಮ್ನೆ ಕಿಕ್ ಹೊಡೆದು ಸುಸ್ತಾಗುವುದು ತಪ್ಪುತ್ತದೆ.

ಹಾಕಿಸುವ ಮೊದಲು ಚಾರ್ಜಿಂಗ್ ನೋಡಿಸಿ. ಬ್ಯಾಟರಿಯೇ ಸೊರಗಿದ್ದರೆ ಬ್ಯಾಟರಿ ನಂಬಿದ ಕಿಟ್ ಕೆಲಸ ಮಾಡುವುದಿಲ್ಲ. ಯೆಜ್ಡಿಯಲ್ಲಿ ಪಾಯಿಂಟ್ ಕ್ಯಾಮ್ ಇರುವುದು ಕ್ರ್ಯಾಂಕಿನ ತುದಿಯಲ್ಲೇ. ಕ್ರ್ಯಾಂಕ್ ಬೇರಿಂಗ್ ಆಡುತ್ತಿದ್ದರೆ ಕಿಟ್ ಹಾಕಿದರೂ ಆ ಆಟ ಹೋಗುವುದಿಲ್ಲ, ಮೊದಲು ಬೇರಿಂಗ್ ಮಾಡಿಸಬೇಕು. ಪಾಯಿಂಟ್ ಹಾಗೇ ಇಟ್ಟುಕೊಂಡು ಎಲೆಕ್ಟ್ರಾನಿಕ್ ಗಾಡಿಯ ಕಡಿಮೆ ಓಮಿನ (ಕಡಿಮೆ ರೆಸಿಸ್ಟೆನ್ಸ್ ಇರುವ) ಕಾಯಿಲ್ ಮಾತ್ರ ತಂದು ಜೋಡಿಸಬೇಡಿ. ಕರೆಂಟ್ ಜಾಸ್ತಿ ಹರಿದು ಪಾಯಿಂಟ್ ಬೇಗ ಸುಡುತ್ತದೆ. ಬಿಚ್ಚಿದ ಪಾಯಿಂಟ್ ಪ್ಲೇಟನ್ನು ಗುಜರಿಗೂ ಹಾಕಬೇಡಿ. ಪಾಯಿಂಟ್ ಕೆಡುವಾಗ ಮುಂಚೆಯೇ ಸೂಚನೆ ಕೊಡುತ್ತದೆ, ಎಲೆಕ್ಟ್ರಾನಿಕ್ ಕಿಟ್ ಓಡುತ್ತಾ ಓಡುತ್ತಾ ಒಂದೇ ಸಲಕ್ಕೆ ನಿಲ್ಲುತ್ತದೆ. ಪ್ಲೇಟು, ಒಂದು ಒಳ್ಳೆ ಕಂಡೆನ್ಸರ್, ಒಂದು ಫೀಲರ್ ಗೇಜ್ ಟೂಲ್ ಬಾಕ್ಸಿನಲ್ಲಿದ್ದರೆ ಚಾರ್ಮಾಡಿ ಘಾಟಿಯ ನಡುವೆ ಕಿಟ್ ಕೈಕೊಟ್ಟರೂ ರಸ್ತೆ ಬದಿಯಲ್ಲೇ ಹಾಕಿಕೊಂಡು ಮನೆಗೆ ಬರಬಹುದು.