ಸತ್ಯಾಂಶ: ಸಾಂಟಾ ಕೊಸ್ಟಾಂಜಾದ ದ್ರಾಕ್ಷಿ ಬಳ್ಳಿ

ರೋಮ್‌ನ ಸಾಂಟಾ ಕೊಸ್ಟಾಂಜಾ ಚರ್ಚ್ ಮೊದಲು ಮದ್ಯದ ದೇವರು ಬಾಕಸ್‌ನ ಗುಡಿಯಾಗಿತ್ತು, ಚಾವಣಿಯ ದ್ರಾಕ್ಷಿಯೇ ಸಾಕ್ಷಿ ಅನ್ನೋ ಮೆಸೇಜ್ ಆಗಾಗ ಬರುತ್ತದೆ. ಇದು ತಪ್ಪು.

ಹಾಗನ್ನಿಸುವುದು ಸಹಜ. ಹಿಂದೆ ಅಲ್ಲಿಗೆ ಹೋದ ಕಲಾವಿದರೂ ಹಾಗೇ ನಂಬಿದ್ದರು. ತಲೆಯೆತ್ತಿದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್‌ನಲ್ಲಿ ಬಳ್ಳಿಯೋ ಬಳ್ಳಿ. ಎತ್ತಿನ ಗಾಡಿ ದ್ರಾಕ್ಷಿ ಹೊತ್ತು ಬರುತ್ತಿದೆ, ಹುಡುಗರು ಅದನ್ನು ತುಳಿದು ರಸ ತೆಗೆಯುತ್ತಿದ್ದಾರೆ. ಎಷ್ಟು ಚೆಂದ!

ಆದರೆ ಇದು 4ನೇ ಶತಮಾನದ ಸಮಾಧಿ ಕಟ್ಟಡ. ಚಕ್ರವರ್ತಿ ಕಾನ್‌ಸ್ಟಂಟೈನನ ಮಗಳು ಕಾನ್‌ಸ್ಟಂಟೀನಾಳದ್ದು ಎನ್ನಲಾಗುತ್ತದೆ. ಅವಳು ತೀರಿಕೊಂಡಿದ್ದು 354ರಲ್ಲಿ. ಕಟ್ಟಡ ಚರ್ಚ್ ಆಗಿದ್ದು 1254ರಲ್ಲಿ. ಇದನ್ನು ಕಟ್ಟಿದ್ದೇ ಕ್ರೈಸ್ತರ ಬೆಸಿಲಿಕಾಗೆ, ಅಂದರೆ ದೊಡ್ಡ ಚರ್ಚ್‌ಗೆ, ಅಂಟಿಕೊಂಡಂತೆ. ಆ ಬೆಸಿಲಿಕಾದ ಪಾಳುಗೋಡೆ ಈಗಲೂ ಇದೆ. ದ್ರಾಕ್ಷಿ ಸುಗ್ಗಿ ಆಗ ಎಲ್ಲರಿಗೂ ಪ್ರಿಯವಾದ ಚಿತ್ರ. ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ತನ್ನನ್ನೇ ದ್ರಾಕ್ಷಿ ಬಳ್ಳಿ ಅನ್ನುತ್ತಾನಲ್ವಾ?

ಇಂಥದ್ದು ಬಂದಾಗ ಒಂದೇ ಫೋಟೊ ನೋಡಿ ಸುಮ್ನೆ ನಂಬಬೇಡಿ. ಇಡೀ ಕಟ್ಟಡದ ಚಿತ್ರ ಹುಡುಕಿ. ಇಲ್ಲಿ ಪಕ್ಕದ ಗೂಡುಗಳಲ್ಲಿ ಕ್ರಿಸ್ತನ ಮೊಸಾಯಿಕ್ ಕಾಣುತ್ತದೆ. ಕಟ್ಟಿದ ವರ್ಷ, ಚರ್ಚ್ ಆದ ವರ್ಷ ಬೇರೆ ಬೇರೆ ನೋಡಿ. ನಿಜವಾಗಿ ಗುಡಿಯಾಗಿದ್ದದ್ದನ್ನು ಇತಿಹಾಸ ಮುಚ್ಚಿಡುವುದಿಲ್ಲ: ಅದೇ ಊರಿನ ಪ್ಯಾಂಥಿಯನ್ 609ರಲ್ಲಿ ಚರ್ಚ್ ಆಯಿತೆಂದು ಎಲ್ಲ ಕಡೆಯೂ ಬರೆದಿದ್ದಾರೆ.