ಛಾಯಾಗ್ರಾಹಕರ ಬಳಗವನ್ನು ಜಾಲತಾಣಗಳು ಕಟ್ಟಬಲ್ಲವೇ?

ಪರ

ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮೊದಲಾದವರು 1932ರಲ್ಲಿ ‘ಎಫ್/64’ ಎಂಬ ಗುಂಪು ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರದರ್ಶನ ನಡೆಸಿದರು. ಅವರಲ್ಲಿ ಬಹುತೇಕರು ಒಂದೇ ಸೀಮೆಯವರು. ಹೋಗಿ ಕಂಡು ಮಾತಾಡುವಷ್ಟು ಹತ್ತಿರವಿದ್ದರು. ಅಂಥ ಒಡನಾಟ ಒದಗದ ಛಾಯಾಗ್ರಾಹಕರು ತಮ್ಮ ಚಿತ್ರಗಳನ್ನು ತಾವೇ ನೋಡಿಕೊಳ್ಳುತ್ತ, ಎಲ್ಲಿ ಎಡವಿದೆವೆಂದು ಹೇಳುವವರಿಲ್ಲದೆ ವರ್ಷಗಳನ್ನು ಕಳೆಯಬೇಕಾಗಿತ್ತು. ಜಾಲತಾಣಗಳು ನೀಗಿಸಿದ್ದು ಈ ಒಂಟಿತನವನ್ನು, ಮತ್ತು ಇದು ಸಣ್ಣ ಉಪಕಾರವಲ್ಲ.

2004ರಲ್ಲಿ ಆರಂಭವಾದ, ಚಿತ್ರ ಹಂಚಿಕೊಳ್ಳುವ ತಾಣ ಫ್ಲಿಕರ್‌ನಲ್ಲಿ ಚಿತ್ರದೊಂದಿಗೆ ಶಟರ್ ವೇಗ (ಬೆಳಕನ್ನು ಒಳಬಿಡುವ ಅವಧಿ), ಅಪರ್ಚರ್ (ಲೆನ್ಸಿನ ತೆರಪಿನ ಗಾತ್ರ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ವಿವರಗಳನ್ನೂ ನೋಡುವ ಅವಕಾಶವಿದ್ದುದರಿಂದ, ಧುಮ್ಮಿಕ್ಕುವ ನೀರು ನೊರೆಹಾಲಿನಂತೆ ಮೂಡಿದ್ದು ಹೇಗೆಂದು ಹೊಸಬರು ಅಲ್ಲಿಯೇ ಅರಿಯಬಹುದಾಗಿತ್ತು. ಕೇಳಿದರೆ ತಾಳ್ಮೆಯಿಂದ ವಿವರಿಸುವವರೂ ಸಿಗುತ್ತಿದ್ದರು. ಪಿನ್‌ಹೋಲ್ ಕ್ಯಾಮೆರಾ (ಲೆನ್ಸಿಲ್ಲದೆ ಸೂಜಿರಂಧ್ರದಿಂದ ಚಿತ್ರ ಮೂಡಿಸುವಂಥದು), ಹಳೆಯ ಫಿಲ್ಮ್, ಕೀಟಗಳನ್ನು ತೀರ ಹತ್ತಿರದಿಂದ ಸೆರೆಹಿಡಿಯುವ ಮ್ಯಾಕ್ರೋ ಛಾಯಾಗ್ರಹಣ ಇತ್ಯಾದಿಗಳಲ್ಲಿ ಆಸಕ್ತಿಯುಳ್ಳವರು ಊರಿಗೊಬ್ಬರು ಇದ್ದರೆ ಹೆಚ್ಚು. ಅಂಥವರಿಗೂ ಒಂದು ಗುಂಪು ದೊರೆಯಿತು.

ಬಳಗವೊಂದು ನೋಟದ ರೀತಿಯನ್ನೇ ಬದಲಿಸಬಲ್ಲದು ಎಂಬುದಕ್ಕೆ ‘ಎವೆರಿಡೇ ಆಫ್ರಿಕಾ’ ಸಾಕ್ಷಿ. ಪೀಟರ್ ಡಿಕ್ಯಾಂಪೊ ಮತ್ತು ಆಸ್ಟಿನ್ ಮೆರಿಲ್ ಎಂಬಿಬ್ಬರು 2012ರಲ್ಲಿ ಫೋನಿನಲ್ಲಿ ತೆಗೆದ ಚಿತ್ರಗಳಿಂದ ಆರಂಭಿಸಿದ ಈ ಯೋಜನೆ, ಇನ್‌ಸ್ಟಾಗ್ರಾಂ ಮೂಲಕ ಆ ಖಂಡದ ಹಲವು ಛಾಯಾಗ್ರಾಹಕರನ್ನು ಜೊತೆಗೂಡಿಸಿಕೊಂಡು, ಯುದ್ಧ ಮತ್ತು ಹಸಿವಿನ ಚಿತ್ರಗಳಾಚೆಗಿನ ನಿತ್ಯದ ಬದುಕನ್ನು ಮುಂದಿಟ್ಟಿತು. ಇದೇ ಮಾದರಿಯಲ್ಲಿ ಬೇರೆ ದೇಶಗಳಲ್ಲೂ ಯೋಜನೆಗಳು ಹುಟ್ಟಿಕೊಂಡವು.

ವಿರೋಧ

ಸೇರುವುದಕ್ಕೆ ಜಾಗವಿದ್ದ ಮಾತ್ರಕ್ಕೆ ಬಳಗವಾಗುವುದಿಲ್ಲ. ಆ ಜಾಗ ಯಾರದು ಎಂಬುದೂ ಮುಖ್ಯ. 2016ರಲ್ಲಿ ಇನ್‌ಸ್ಟಾಗ್ರಾಂ ಚಿತ್ರಗಳನ್ನು ಕಾಲಕ್ರಮದಲ್ಲಿ ತೋರಿಸುವುದನ್ನು ಬಿಟ್ಟು, ನೋಡುಗರ ಆಸಕ್ತಿಯನ್ನು ತಾನೇ ಅಂದಾಜಿಸಿ ಜೋಡಿಸಲು ಆರಂಭಿಸಿತು. ತಾವಾಗಿ ಹಿಂಬಾಲಿಸಲು ಆಯ್ದುಕೊಂಡವರ ಚಿತ್ರವೂ ಕಣ್ಣಿಗೆ ಬೀಳುತ್ತದೆಂಬ ಭರವಸೆ ಅಲ್ಲಿಗೆ ತಪ್ಪಿತು. 2020ರಲ್ಲಿ ರೀಲ್ಸ್ ಬಂದ ಮೇಲೆ, ಸ್ಥಿರಚಿತ್ರವನ್ನೇ ನಂಬಿದ್ದವರು ಜನರ ಗಮನ ಉಳಿಸಿಕೊಳ್ಳಲು ವಿಡಿಯೊ ಮಾಡಬೇಕಾಯಿತು. ಫ್ಲಿಕರ್ 2018ರಲ್ಲಿ ಸ್ಮಗ್‌ಮಗ್ ಸಂಸ್ಥೆಯ ಕೈಸೇರಿತು, ಮರುವರ್ಷ ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಬಂತು. ಸಂಸ್ಥೆಗೂ ಖರ್ಚುಗಳಿರುತ್ತವೆ, ನಿಜ. ಆದರೆ ನಿಯಮ ಬದಲಿಸುವ ಅಧಿಕಾರ ಬಳಗದ ಕೈಯಲ್ಲಿರಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ವಿಮರ್ಶೆಯ ಅಭಾವ. ಅಂಗೈಯಗಲದ ಪರದೆಯಲ್ಲಿ ಕ್ಷಣಾರ್ಧದಲ್ಲಿ ಸರಿದುಹೋಗುವ ಚಿತ್ರ ಸೆಳೆಯಬೇಕಾದರೆ ಬಣ್ಣ ಗಾಢವಾಗಿರಬೇಕು, ವಸ್ತು ನಡುವಿನಲ್ಲಿರಬೇಕು, ಅರ್ಥ ತಕ್ಷಣ ಹೊಳೆಯಬೇಕು. ಮಂದ ಬೆಳಕಿನ, ನಿಧಾನವಾಗಿ ತೆರೆದುಕೊಳ್ಳುವ ಚಿತ್ರ ಅಲ್ಲಿ ಸೋಲುತ್ತದೆ. ಅದರ ಸೋಲನ್ನು ಲೈಕುಗಳ ಸಂಖ್ಯೆ ಸಾರುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ಹೀಗೆ ಮೆಚ್ಚುಗೆ ಗಳಿಸಿದ ಚೌಕಟ್ಟನ್ನೇ ಎಲ್ಲರೂ ಅನುಸರಿಸುತ್ತ, ಅದೇ ಬೆಟ್ಟದಂಚಿನಲ್ಲಿ ಬೆನ್ನು ತೋರಿಸಿ ನಿಂತ ಅದೇ ಒಂಟಿ ಮನುಷ್ಯನ ಚಿತ್ರ ಮತ್ತೆ ಮತ್ತೆ ಬರುತ್ತದೆ.

ಸರಣಿಯೊಂದನ್ನು ರೂಪಿಸುವವರು ನಲವತ್ತು ಮುದ್ರಿತ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಯಾವುದರ ಪಕ್ಕದಲ್ಲಿರಬೇಕೆಂದು ಗೆಳೆಯರೊಂದಿಗೆ ಚರ್ಚಿಸಿ, ಕೊನೆಗೆ ಹನ್ನೆರಡನ್ನು ಉಳಿಸಿಕೊಳ್ಳುತ್ತಾರೆ. ತೆಗೆದವನಿಗೆ ಬಹಳ ಪ್ರಿಯವಾದ ಚಿತ್ರವನ್ನು ಕೈಬಿಡುವಂತೆ ಹೇಳಲು ಸಲಿಗೆ ಬೇಕು, ಹೇಳಿದ ಮೇಲೂ ಉಳಿಯುವ ವಿಶ್ವಾಸ ಬೇಕು. ಸಾವಿರಾರು ಅಪರಿಚಿತರ ಎದುರು ಆ ಮಾತನ್ನು ಆಡಿದರೆ ಅದು ಅವಮಾನವಾಗುತ್ತದೆ; ಆದ್ದರಿಂದ ಅಲ್ಲಿ ಅದನ್ನು ಯಾರೂ ಆಡುವುದಿಲ್ಲ, ಆ ಚಿತ್ರ ಸರಣಿಯಲ್ಲಿ ಹಾಗೆಯೇ ಉಳಿದುಬಿಡುತ್ತದೆ.