ಪೇಷೆಂಟ್ ಕಡೆಯವರು ಯಾರ್ರೀ?

ಗಂಡಸು ಅಪ್ಪನಾಗುವ ಗಳಿಗೆಯಲ್ಲಿ ಅವನಿಗೆ ಹೆಸರೇ ಇರುವುದಿಲ್ಲ. ಹೆರಿಗೆ ಕೋಣೆಯ ಬಾಗಿಲು ಅರ್ಧ ತೆರೆದು, ಮಾಸ್ಕ್ ಹಾಕಿದ ತಲೆಯೊಂದು ಹೊರಗೆ ಇಣುಕಿ, "ಪೇಷೆಂಟ್ ಕಡೆಯವರು ಯಾರ್ರೀ?" ಎನ್ನುತ್ತದೆ. ನಾನು ಬೆಂಚಿನಿಂದ ಎದ್ದು ನಿಂತೆ. ನನ್ನ ಜೊತೆ ಅತ್ತೆ, ನಮ್ಮಮ್ಮ, ಹೆಂಡತಿಯ ಚಿಕ್ಕಮ್ಮ, ಯಾವುದಕ್ಕೂ ಇರಲಿ ಎಂದು ಬೇರೆ ಪೇಷೆಂಟ್ ಕಡೆಯ ಇಬ್ಬರು, ಎಲ್ಲರೂ ಎದ್ದರು. ನರ್ಸಮ್ಮ ಮಗುವನ್ನು ಅತ್ತೆಯ ಕೈಗೆ ಕೊಟ್ಟರು. ನನ್ನ ಕೈಗೆ ಒಂದು ಚೀಟಿ ಕೊಟ್ಟರು. "ಕೆಳಗೆ ಮೆಡಿಕಲ್ಸಲ್ಲಿ ಇಷ್ಟು ತಗೊಂಡು ಬನ್ನಿ. ಬೇಗ."

ಹೀಗೆ ನಾನು ತಂದೆಯಾದೆ. ಮಗಳ ಮುಖಕ್ಕಿಂತ ಮೊದಲು ಅವಳ ಬಿಲ್ಲು ನೋಡಿದೆ.

ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕಾರಿಡಾರಿನಲ್ಲಿ ಸಂಭ್ರಮ. ಸೋದರಮಾವ ಬೆನ್ನು ತಟ್ಟಿ, "ಈಗ ನೀನು ಗಂಡಸಾದೆ ಕಣಯ್ಯ. ಇನ್ಮೇಲೆ ಜವಾಬ್ದಾರಿ ಬಂತು" ಅಂದರು. ಇಲ್ಲಿಯವರೆಗೆ ನಾನು ಏನಾಗಿದ್ದೆ ಎಂದು ಕೇಳುವ ಧೈರ್ಯವಾಗಲಿಲ್ಲ. ಜವಾಬ್ದಾರಿ ಅಂದರೆ ಏನು ಎಂದು ಮಾತ್ರ ಕೇಳಿದೆ. ಮಾವ ಸ್ವಲ್ಪ ಯೋಚಿಸಿ, "ಮೊದಲು ಎಲ್ಲರಿಗೂ ಪೇಡಾ ತರಿಸು" ಅಂದರು. ಮತ್ತೆ ಮೆಟ್ಟಿಲಿಳಿದೆ.

ಜನನ, ಮದುವೆ, ಮರಣಗಳ ಸುತ್ತ ಮನುಷ್ಯರು ಮಾಡುವ ಆಚರಣೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತ ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸ 1909ರಲ್ಲಿ ಒಂದು ಪುಸ್ತಕ ಬರೆದ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವವನಿಗೆ ಮೂರು ಹಂತವಂತೆ: ಮೊದಲು ಇದ್ದ ಜಾಗದಿಂದ ಬೇರೆಯಾಗಬೇಕು, ಆಮೇಲೆ ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ ಹೊಸ್ತಿಲ ಮೇಲೆ ನಿಲ್ಲಬೇಕು, ಕೊನೆಗೆ ಹೊಸ ಮನುಷ್ಯನಾಗಿ ಒಳಗೆ ಸೇರಬೇಕು. ನಮ್ಮ ಕಡೆಯ ಅಪ್ಪಂದಿರು ಮೊದಲ ಎರಡು ಹಂತಗಳನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡುತ್ತಾರೆ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಅಲ್ಲೇ. ಇದು ಬೇರ್ಪಡುವ ಹಂತ. ಗಂಡ ಭಾನುವಾರ ಬಸ್ಸು ಹತ್ತಿ, ಒಂದು ಕವರ್ ಸೇಬು ಹಿಡಿದುಕೊಂಡು ಮಾವನ ಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಇದು ಹೊಸ್ತಿಲ ಹಂತ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿರುವುದರಿಂದ ಒಳಗೆ ಯಾರಿದ್ದಾರೆಂದು ಕಾಣುವುದಿಲ್ಲ.

ನನಗೂ ಒಂದು ಭಾನುವಾರ ಮಗುವನ್ನು ಎತ್ತಿಕೊಳ್ಳುವ ಅವಕಾಶ ಸಿಕ್ಕಿತು. "ಕೈ ತೊಳ್ಕೊಂಡ್ರಾ?" ತೊಳೆದಿದ್ದೆ. "ಬಿಸಿನೀರಲ್ಲಿ?" ಮತ್ತೆ ತೊಳೆದೆ. ಗೋಡೆಗೆ ಒರಗಿ ಚಕ್ಕಂಬಕ್ಕಳ ಹಾಕಿ ಕೂತೆ. ಮಗು ತೊಡೆಗೆ ಬಂತು. ಅಕ್ಕಿ ಮೂಟೆ ಹೊತ್ತ ಕೈಗಳಿಗೆ ಆ ಮೂರು ಕೆಜಿ ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. "ಕತ್ತು! ಕತ್ತು ಹಿಡ್ಕೊಳ್ಳಿ!" ನಾಲ್ಕು ದಿಕ್ಕಿನಿಂದ ನಾಲ್ಕು ಹೆಂಗಸರು ಕೂಗಿದರು. ಗಾಬರಿಯಲ್ಲಿ ನನ್ನ ಕತ್ತನ್ನೇ ಹಿಡಿದುಕೊಂಡೆನೇನೋ. ನಲವತ್ತು ಸೆಕೆಂಡಿನಲ್ಲಿ ಮಗು ವಾಪಸ್ ಹೋಯಿತು. "ಗಂಡಸರಿಗೆ ಇವೆಲ್ಲ ಎಲ್ಲಿ ಬರುತ್ತೆ ಬಿಡಿ" ಎಂದು ಅತ್ತೆ ನಕ್ಕರು. ಸುಳ್ಳೇಕೆ ಹೇಳಲಿ, ನನಗೂ ಹಾಯೆನಿಸಿತು. ಬರುವುದಿಲ್ಲ ಎಂದು ಒಪ್ಪಿಕೊಂಡ ಮೇಲೆ ಕಲಿಯುವ ತಾಪತ್ರಯವಿಲ್ಲ. ಇಡೀ ಊರೇ ಮುಂದೆ ನಿಂತು ಕೊಡಿಸುವ ಈ ವಿನಾಯಿತಿಯನ್ನು ಬೇಡವೆನ್ನಲು ನಾನೇನು ಸಂತನೇ?

ಸರ್ಕಾರವೂ ಈ ವಿಷಯದಲ್ಲಿ ಅತ್ತೆಯ ಪಕ್ಷ. ಕೇಂದ್ರ ಸರ್ಕಾರಿ ನೌಕರರ 1972ರ ರಜೆ ನಿಯಮಗಳಲ್ಲಿ 43-ಎ ಎಂಬುದೊಂದಿದೆ. ಅಪ್ಪನಾದವನಿಗೆ 15 ದಿನ ರಜೆ. ಹೆರಿಗೆಗೆ 15 ದಿನ ಮೊದಲಿನಿಂದ ಹಿಡಿದು ಹೆರಿಗೆಯಾದ ಆರು ತಿಂಗಳೊಳಗೆ ಅದನ್ನು ಮುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಹೋಯಿತು. ಅದೇ ಕಚೇರಿಯಲ್ಲಿ ಅಮ್ಮನಾದವಳಿಗೆ 180 ದಿನ. ಹೆತ್ತವಳ ಮೈ ಸುಧಾರಿಸಬೇಕು, ಅವಳಿಗೆ 180 ದಿನವೂ ಕಡಿಮೆಯೇ, ಆ ಬಗ್ಗೆ ತಕರಾರಿಲ್ಲ. ನನ್ನ ಕುತೂಹಲ ಆ 15ರ ಬಗ್ಗೆ. ಯಾವ ಲೆಕ್ಕದಲ್ಲಿ ಬಂತು? ಗಂಡಸು 16ನೇ ದಿನಕ್ಕೆ ಅಪ್ಪನ ಕೋರ್ಸ್ ಮುಗಿಸಿ ಫೈಲಿಗೆ ಮರಳುವಷ್ಟು ಚುರುಕೆಂದೋ, ಅದಕ್ಕಿಂತ ಹೆಚ್ಚು ದಿನ ಮನೆಯಲ್ಲಿದ್ದರೆ ಬಾಣಂತಿಗೆ ಇಬ್ಬರನ್ನು ನೋಡಿಕೊಳ್ಳಬೇಕಾದೀತೆಂದೋ?

ಎರಡನೆಯದೇ ಇರಬೇಕು. ಮಾರ್ಕೊ ಪೋಲೊ ಈಗಿನ ಚೀನಾದ ಯುನ್ನಾನ್ ಕಡೆಯ ಒಂದು ಸೀಮೆಯ ಬಗ್ಗೆ ಬರೆದಿದ್ದಾನೆ: ಅಲ್ಲಿ ಹೆಂಗಸು ಹೆತ್ತು ಎದ್ದು ಮನೆಗೆಲಸಕ್ಕೆ ಹೋಗುತ್ತಿದ್ದಳಂತೆ, ಗಂಡ ಮಗುವನ್ನು ಪಕ್ಕಕ್ಕೆ ಹಾಕಿಕೊಂಡು 40 ದಿನ ಹಾಸಿಗೆ ಹಿಡಿಯುತ್ತಿದ್ದನಂತೆ, ನೆಂಟರಿಷ್ಟರು ಬಂದು ಅವನನ್ನೇ ವಿಚಾರಿಸಿಕೊಂಡು ಹೋಗುತ್ತಿದ್ದರಂತೆ. ಓದಿದವರು ನಗುತ್ತಾರೆ. ಆದರೂ ಆ ಮಹಾನುಭಾವನ ಪಕ್ಕದಲ್ಲಿ 40 ದಿನ ಮಗುವಿತ್ತು ಎಂಬುದನ್ನು 15 ದಿನದವರು ಗಮನಿಸಬೇಕು.

15 ದಿನವಾದರೂ ಸರ್ಕಾರಿ ಪುಣ್ಯವಂತರಿಗೆ. ಖಾಸಗಿಯವರ ಪಾಡು ಬೇರೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ತಾಯಂದಿರ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿದಾಗಲೂ ಅಪ್ಪನ ಸುದ್ದಿ ಬರಲಿಲ್ಲ. ಅವನಿಗೆಷ್ಟು ರಜೆ ಎಂಬುದು ಕಂಪನಿಯ ದೊಡ್ಡ ಮನಸ್ಸಿಗೆ ಬಿಟ್ಟದ್ದು. ನನ್ನ ಮ್ಯಾನೇಜರ್ ಮನಸ್ಸು ನಿಜಕ್ಕೂ ದೊಡ್ಡದು. "ಕಂಗ್ರಾಟ್ಸ್! ಎರಡು ದಿನ ಆರಾಮಾಗಿ ಫ್ಯಾಮಿಲಿ ಜೊತೆ ಇರಿ. ಲ್ಯಾಪ್‌ಟಾಪ್ ಹತ್ರ ಇರಲಿ" ಎಂದರು.

ಇಷ್ಟೆಲ್ಲ ಆದಮೇಲೆ, ಮಗುವಿಗೂ ಅಪ್ಪನಿಗೂ ಕಾನೂನಿನ ಕಣ್ಣಲ್ಲಿ ಅಂಥ ಸಂಬಂಧವೇನೂ ಇಲ್ಲ ಎಂದುಕೊಂಡಿರೋ, ತಪ್ಪು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ತೆಗೆದು ನೋಡಿ. ಮಗುವಿನ ಸಹಜ ಪೋಷಕ ಯಾರು? ತಂದೆ, ಅವನ ನಂತರ ತಾಯಿ. ನಮ್ಮ ಸ್ಥಾನ ಮೊದಲನೆಯದು! ಅದೇ ಸೆಕ್ಷನ್ನಿನ ಕೆಳಗೆ ಇನ್ನೊಂದು ಮಾತಿದೆ: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ವಶದಲ್ಲಿರತಕ್ಕದ್ದು. ಅಂದರೆ ಉಚ್ಚೆ, ಕಕ್ಕ, ಜ್ವರ, ಹಲ್ಲು ಬರುವ ರಂಪ, ರಾತ್ರಿ ಎರಡು ಗಂಟೆಯ ರಾಗ ಇವೆಲ್ಲ ಮುಗಿದು, ಮಗು ತಾನಾಗಿ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಸಹಜ ಪೋಷಕರು ಶರ್ಟಿನ ಕಾಲರ್ ಸರಿಮಾಡಿಕೊಂಡು ಪ್ರವೇಶಿಸಬಹುದು. ಬರೆದವನು ಯಾರೋ, ಅನುಭವಸ್ಥ. 1999ರಲ್ಲಿ ಸುಪ್ರೀಂ ಕೋರ್ಟು 'ಅವನ ನಂತರ' ಅಂದರೆ ಅವನು ಸತ್ತ ನಂತರ ಎಂದಲ್ಲ, ಅವನು ಇಲ್ಲದಿರುವಾಗ ಎಂದು ಬಿಡಿಸಿ ಹೇಳಿತು. ಅವನು ಇಲ್ಲದಿರುವುದು ಬಹಳ ಮನೆಗಳಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ.

ಹೀಗಾಗಿ ಗಂಡಸಿಗೆ ಅಪ್ಪನೆಂಬ ಪದವಿ ಪುಕ್ಕಟೆ. ಬರೀ ಪದವಿಯಷ್ಟೇ ಅಲ್ಲ, ಸನ್ಮಾನವೂ ಇದೆ. ಹೆಂಡತಿ ಮನೆಗೆ ಮರಳಿದ ಮೇಲೆ ಒಂದು ಸಲ, ನೆಂಟರೆದುರು ಡಯಾಪರ್ ಬದಲಿಸಿದೆ. ಆ ಕೆಲಸವನ್ನು ಅವಳು ಆವತ್ತು ಆಗಲೇ ಆರು ಸಲ ಮಾಡಿದ್ದಳು, ಯಾರೂ ತಲೆಯೆತ್ತಿ ನೋಡಿರಲಿಲ್ಲ. ನನ್ನದನ್ನು ದೊಡ್ಡಮ್ಮ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದರು. "ಎಷ್ಟು ಹೆಲ್ಪ್ ಮಾಡ್ತಾನೆ ನೋಡು!" ನನ್ನ ಮಗುವಿನ ಕೆಲಸಕ್ಕೆ ನಾನು ಹೆಲ್ಪರ್. ಮೇಸ್ತ್ರಿಗೆ ಹೆಲ್ಪರ್ ಇರುವ ಹಾಗೆ.

ಮೊನ್ನೆ ಅವಳು ಕೆಲಸಕ್ಕೆ ಹೋಗಿದ್ದಳು. ಲಸಿಕೆಗೆ ನಾನೊಬ್ಬನೇ ಹೋದೆ. ಲಸಿಕೆಯ ಲೆಕ್ಕವಿರುವ ಪುಸ್ತಕಕ್ಕೆ ನಮ್ಮಲ್ಲಿ 'ತಾಯಿ ಕಾರ್ಡ್' ಎಂದು ಹೆಸರು. "ತಾಯಿ ಬಂದಿಲ್ವಾ?" "ಕಾರ್ಡ್ ಬಂದಿದೆ ಮೇಡಂ" ಅಂದೆ. ಅವರು ನಗಲಿಲ್ಲ. ವಾಪಸ್ ಬರುವಾಗ ಬಸ್ ನಿಲ್ದಾಣದಲ್ಲಿ ಮಗು ಒದ್ದೆ. ಮೂಲೆಯಲ್ಲಿ 'ಶಿಶು ಆರೈಕೆ ಕೊಠಡಿ', ಅದರ ಕೆಳಗೆ 'ಮಹಿಳೆಯರಿಗೆ ಮಾತ್ರ'. ಒಳಗೆ ಹಾಲೂಡಿಸುವವರು ಇರುತ್ತಾರೆ, ನಾನು ಹೋಗುವುದು ಸರಿಯಲ್ಲ, ಒಪ್ಪಿದೆ. ಗಂಡಸರ ಶೌಚಾಲಯದಲ್ಲಿ ಮಗುವನ್ನು ಮಲಗಿಸುವ ಜಾಗ ಹುಡುಕಿದೆ. ಮಗುವಲ್ಲ, ಕರ್ಚೀಫ್ ಇಡುವ ಜಾಗವೂ ಇರಲಿಲ್ಲ. ಕೊನೆಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪೇಪರ್ ಹಾಸಿ ಶುರು ಮಾಡಿದೆ. ಪಕ್ಕದ ಅಜ್ಜಿ ಬಹಳ ಹೊತ್ತು ನೋಡಿ, ಕಣ್ಣು ತುಂಬಿಕೊಂಡು, "ತಾಯಿ ಇಲ್ವೇನಪ್ಪಾ ಕೂಸಿಗೆ?" ಅಂದರು.

"ಇದ್ದಾಳೆ ಅಜ್ಜಿ, ಆಫೀಸಿಗೆ ಹೋಗಿದ್ದಾಳೆ."

ಅಜ್ಜಿಯ ಕಣ್ಣೀರು ಅಲ್ಲೇ ಬತ್ತಿತು. "ಪುಣ್ಯ ಮಾಡಿದ್ಲು ಬಿಡು, ಇಂಥ ಗಂಡ ಸಿಗೋಕೆ." ಬೆಂಚಿನಲ್ಲಿದ್ದ ಎಲ್ಲರೂ ತಲೆದೂಗಿದರು. ನಾನು ಅಲ್ಲಗಳೆಯಲಿಲ್ಲ. ಮನೆ ತಲುಪುವವರೆಗೂ ಎದೆ ಉಬ್ಬಿಯೇ ಇತ್ತು.

ಸಂಜೆ ಅವಳು ಬಂದು, ಮಗುವಿನ ಬಟ್ಟೆ ಬಿಚ್ಚಿ ಒಂದು ಕ್ಷಣ ಸುಮ್ಮನೆ ನೋಡಿದಳು. ಡಯಾಪರ್ ಹಿಂದುಮುಂದಾಗಿತ್ತು, ಒಂದು ಕಡೆ ಪೂರ್ತಿ ಸೋರಿತ್ತು.

"ಯಾರ್ರೀ ಹಾಕಿದ್ದು ಇದನ್ನ?"

ನಾನು ಕುರ್ಚಿಯಿಂದ ಎದ್ದು ನಿಂತೆ.